ಫೋಟೊ ಕಳಿಸಿ ಅಂದರೆ ಸಾಲದು, ಒರಿಜಿನಲ್ ಕಳಿಸಿ ಅನ್ನಿ

ಮಳೆಗಾಲ ಹಿಡಿದು ಎರಡು ವಾರ ಆಗುವುದರೊಳಗೆ ನಮ್ಮ ಕಡೆಯ ಪ್ರತಿ ಸ್ಟ್ರಿಂಗರ್ ಮೊಬೈಲಿಗೂ ಒಂದು ಮರವಂತೆ ಫೋಟೊ ಬಂದಿರುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ, ಹೆದ್ದಾರಿಯ ಅಂಚಿಗೆ ಬಡಿಯುವ ಅಲೆ. ಜೊತೆಗೆ ಒಂದು ಸಾಲು: "ಹ್ವಾಯ್, ಇದ್ ಇವತ್ತಿಂದೇ ಕಾಣಿ, ಬೇಗ ಹಾಕಿ." ಹತ್ತು ನಿಮಿಷದಲ್ಲಿ ಅದೇ ಫೋಟೊ ಇನ್ನೂ ಮೂರು ಗುಂಪುಗಳಿಂದ ಬರುತ್ತದೆ. ಅಷ್ಟರಲ್ಲಿ ಡೆಸ್ಕಿನಿಂದ ಫೋನ್: "ಬೇರೆಯವರು ಆಗಲೇ ಹಾಕಿದ್ದಾರೆ, ನಿಮ್ಮದೆಲ್ಲಿ?"

ಆ ಫೋಟೊ ಇವತ್ತಿನದೇ ಇರಬಹುದು. ಹೋದ ವರ್ಷದ್ದೂ ಇರಬಹುದು. ಐದು ವರ್ಷ ಹಿಂದಿನದ್ದಾದರೂ ಆಶ್ಚರ್ಯವಿಲ್ಲ. ಮರವಂತೆಯ ಅಲೆ ಪ್ರತಿ ಆಷಾಢದಲ್ಲೂ ಒಂದೇ ತರ ಕಾಣುತ್ತದೆ. "ಯಾವಾಗ ತೆಗೆದದ್ದು?" ಎಂದು ಕೇಳಿದರೆ ಕಳಿಸಿದವರಿಗೆ ಗೊತ್ತಿರುವುದಿಲ್ಲ. ಅವರಿಗೂ ಯಾರೋ ಕಳಿಸಿದ್ದು.

ಬೇಸರದ ಸಂಗತಿ ಏನೆಂದರೆ, ಈ ಪ್ರಶ್ನೆಗೆ ಉತ್ತರ ಒಂದು ಕಾಲದಲ್ಲಿ ಆ ಫೋಟೊದೊಳಗೇ ಇತ್ತು. ತೆಗೆದ ತಾರೀಖು, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ. ನಾವೇ ಅದನ್ನು ದಾರಿಯಲ್ಲಿ ಕಳೆಯುತ್ತಿದ್ದೇವೆ. ನಾವೆಂದರೆ ಸ್ಟ್ರಿಂಗರುಗಳು, ಡೆಸ್ಕಿನವರು, ಪಂಚಾಯಿತಿ ಸದಸ್ಯರು, ಊರಿನ ಗುಂಪುಗಳ ಅಡ್ಮಿನ್‌ಗಳು, ಎಲ್ಲರೂ. ನನ್ನ ತಕರಾರು ಅದರ ಬಗ್ಗೆ.

ಮೊದಲು ಆ ತಾರೀಖು ಎಲ್ಲಿರುತ್ತದೆ ನೋಡೋಣ. ಫೋನ್ ಒಂದು ಫೋಟೊ ತೆಗೆದಾಗ ಚಿತ್ರದ ಜೊತೆಗೇ ಅದೇ ಫೈಲಿನಲ್ಲಿ ಒಂದು ಸಣ್ಣ ಟಿಪ್ಪಣಿಯನ್ನೂ ಬರೆದಿಡುತ್ತದೆ. ಹಳೆ ಕಾಲದಲ್ಲಿ ಸ್ಟುಡಿಯೋದವರು ಫೋಟೊದ ಹಿಂಬದಿ ಸೀಸದ ಕಡ್ಡಿಯಲ್ಲಿ ತಾರೀಖು ಬರೆಯುತ್ತಿದ್ದರಲ್ಲ, ಹಾಗೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘವೊಂದು 1995ರಲ್ಲಿ ಡಿಜಿಟಲ್ ಕ್ಯಾಮೆರಾಗಳಿಗಾಗಿ ಮಾಡಿದ ನಿಯಮ ಅದು. ಇವತ್ತಿನ ಫೋನುಗಳೂ ಅದನ್ನೇ ಪಾಲಿಸುತ್ತವೆ. ಯಾವ ಕಂಪನಿಯ ಯಾವ ಮಾಡೆಲ್ ಫೋನು, ಬೆಳಕು ಎಷ್ಟು ಒಳಬಿಟ್ಟಿತು, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ ರೇಖಾಂಶ, ಎಲ್ಲ ಅದರಲ್ಲಿರುತ್ತದೆ.

ತಾರೀಖು ಅದರಲ್ಲಿ ಒಂದಲ್ಲ, ಮೂರು ಕಡೆ ಇರುತ್ತದೆ. ಚಿತ್ರ ತೆಗೆದ ಕ್ಷಣ ಒಂದು, ಅದು ಡಿಜಿಟಲ್ ರೂಪಕ್ಕೆ ಬಂದ ಕ್ಷಣ ಇನ್ನೊಂದು, ಕೊನೆಯದಾಗಿ ಬದಲಾದ ಕ್ಷಣ ಮತ್ತೊಂದು. ಫೋನಿನ ಫೋಟೊದಲ್ಲಿ ಮೊದಲ ಎರಡು ಒಂದೇ. ಹಳೆ ಆಲ್ಬಮ್ಮಿನ ಫೋಟೊ ಸ್ಕ್ಯಾನ್ ಮಾಡಿದರೆ ಮಾತ್ರ ಬೇರೆಯಾಗುತ್ತವೆ. ಮೂರನೆಯದು ಕ್ರಾಪ್ ಮಾಡಿದರೂ ಬೆಳಕು ಹೆಚ್ಚಿಸಿದರೂ ಬದಲಾಗಬಹುದು. ನಮಗೆ ಬೇಕಾದದ್ದು ಮೊದಲನೆಯದು, ಆಂಗ್ಲದಲ್ಲಿ 'ಡೇಟ್ ಟೇಕನ್' ಅಥವಾ 'ಡೇಟ್ ಟೈಮ್ ಒರಿಜಿನಲ್' ಎಂದು ಕಾಣುವುದು.

ನೋಡುವುದು ಕಷ್ಟವಲ್ಲ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಫೋಟೋಸ್ ತೆರೆದು, ಚಿತ್ರವನ್ನು ಬೆರಳಿನಿಂದ ಮೇಲಕ್ಕೆ ಸರಿಸಿದರೆ ಕೆಳಗಿನಿಂದ ವಿವರ ಎದ್ದು ಬರುತ್ತದೆ. ಫೋನಿನದೇ ಗ್ಯಾಲರಿ ಆದರೆ 'ಡೀಟೇಲ್ಸ್' ಎಂಬ ಆಯ್ಕೆ ಹುಡುಕಿ. ಐಫೋನಿನಲ್ಲಿ ಕೆಳಗಿರುವ 'ಐ' ಗುರುತು ಒತ್ತಿ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ಅಲ್ಲಿ ಒಂದು ಎಚ್ಚರ: 'ಡೇಟ್ ಕ್ರಿಯೇಟೆಡ್' ಎಂದು ಇನ್ನೊಂದು ಸಾಲು ಇರುತ್ತದೆ. ಅದು ಫೋಟೊ ಹುಟ್ಟಿದ ದಿನವಲ್ಲ, ಆ ಫೈಲು ನಿಮ್ಮ ಕಂಪ್ಯೂಟರಿಗೆ ಬಂದು ಕುಳಿತ ದಿನ. ಪೆನ್‌ಡ್ರೈವಿನಿಂದ ಇವತ್ತು ಕಾಪಿ ಮಾಡಿದರೆ ಇವತ್ತಿನ ತಾರೀಖೇ ಬರುತ್ತದೆ. ಲ್ಯಾಪ್‌ಟಾಪ್ ಇದ್ದು ಸ್ವಲ್ಪ ತಾಳ್ಮೆಯೂ ಇದ್ದವರಿಗೆ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶವಿದೆ. ಫೈಲಿನೊಳಗೆ ಇರುವುದನ್ನೆಲ್ಲ ಅದು ಹೊರಗೆ ಹರವಿಡುತ್ತದೆ.

ಇಷ್ಟೆಲ್ಲ ಸುಲಭವಾದರೆ ತೊಂದರೆ ಎಲ್ಲಿ? ವಾಟ್ಸ್ಆ್ಯಪ್‌ನಲ್ಲಿ.

ಫೋಟೊವನ್ನು ಫೋಟೊ ಆಗಿಯೇ ಕಳಿಸಿದಾಗ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ, ಒಳಗಿನ ಟಿಪ್ಪಣಿಯನ್ನು ತೆಗೆದುಹಾಕುತ್ತದೆ. ಎಚ್‌ಡಿ ಒತ್ತಿದರೆ ಎಲ್ಲ ಉಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಚಿತ್ರ ಸ್ವಲ್ಪ ಸ್ಪಷ್ಟವಾಗಿ ಉಳಿಯುತ್ತದೆ, ತಾರೀಖು ಉಳಿಯುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಿಂದ ಇಳಿಸಿಕೊಂಡ ಚಿತ್ರದ ಕತೆಯೂ ಅದೇ. ಸ್ಕ್ರೀನ್‌ಶಾಟ್ ಬಗ್ಗೆ ಹೇಳುವುದೇ ಬೇಡ, ಅದರಲ್ಲಿ ಸಿಗುವುದು ಸ್ಕ್ರೀನ್‌ಶಾಟ್ ಹೊಡೆದ ಸಮಯ.

ತಾರೀಖು ಇಲ್ಲದಿರುವುದಕ್ಕಿಂತ ತಪ್ಪು ತಾರೀಖು ಅಪಾಯ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್‌ನಿಂದ ಇಳಿದ ಫೋಟೊದ ಫೈಲ್ ಹೆಸರು ನೋಡಿ: 'ಐಎಂಜಿ-20250617-ಡಬ್ಲ್ಯುಎ0023' ಎಂಬ ಮಾದರಿಯಲ್ಲಿರುತ್ತದೆ. ನೋಡಿದ ಕೂಡಲೇ 2025ರ ಜೂನ್ 17ರಂದು ತೆಗೆದದ್ದು ಅನಿಸುತ್ತದೆ. ಅಲ್ಲ. ಅದು ನಿಮ್ಮ ಫೋನಿಗೆ ಆ ಫೋಟೊ ಬಂದ ದಿನ. ಕೊನೆಯಲ್ಲಿರುವ ಅಂಕೆ ಆ ದಿನ ವಾಟ್ಸ್ಆ್ಯಪ್ ಕೊಟ್ಟ ಕ್ರಮಸಂಖ್ಯೆ ಅಷ್ಟೆ. 2019ರ ಫೋಟೊವನ್ನು ಇವತ್ತು ನಿಮಗೆ ಕಳಿಸಿದರೆ ಇವತ್ತಿನ ತಾರೀಖಿನ ಹೆಸರು ಹೊತ್ತು ಬರುತ್ತದೆ. ಒಳಗೆ ಬೇರೆ ತಾರೀಖು ಇಲ್ಲದ ಕಾರಣ ಗ್ಯಾಲರಿಯೂ ಅದನ್ನು ಇವತ್ತಿನ ಫೋಟೊಗಳ ಸಾಲಿನಲ್ಲೇ ಕೂರಿಸುತ್ತದೆ. ವಿವರ ತೆರೆದರೆ ಅಲ್ಲೂ ಇವತ್ತಿನದೇ. "ನಾನು ಚೆಕ್ ಮಾಡಿದೆ ಮಾರಾಯ್ರೆ, ತಾರೀಖು ಸರಿ ಇತ್ತು" ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ತಪ್ಪು ಜಾಗದಲ್ಲಿ ನೋಡಿರುತ್ತಾರೆ.

ಪರಿಹಾರ ವಾಟ್ಸ್ಆ್ಯಪ್‌ನೊಳಗೇ ಇದೆ. ಪಿನ್ ಗುರುತು ಒತ್ತಿ, ಗ್ಯಾಲರಿ ಆರಿಸುವ ಬದಲು 'ಡಾಕ್ಯುಮೆಂಟ್' ಆರಿಸಿ, ಅದೇ ಫೋಟೊ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಇಮೇಲ್, ಗೂಗಲ್ ಡ್ರೈವ್, ಬ್ಲೂಟೂತ್, ಕೇಬಲ್ ಯಾವುದಾದರೂ ಸರಿ. ಒಂದೇ ಒಂದು ಹೆಚ್ಚುವರಿ ಒತ್ತು. ಅಷ್ಟನ್ನೂ ನಾವು ಕೇಳುವುದಿಲ್ಲ ಎಂಬುದೇ ನನ್ನ ಸಿಟ್ಟು.

ಇದು ತೀರಾ ಸಣ್ಣ ವಿಷಯ ಅನಿಸುವವರಿಗೆ ಎರಡು ಮಳೆಗಾಲ ನೆನಪಿಸುತ್ತೇನೆ. 2020ರ ಸೆಪ್ಟೆಂಬರ್ 20, ಭಾನುವಾರ. ಉಡುಪಿ ಜಿಲ್ಲೆಯಲ್ಲಿ ರಾತ್ರಿಯಿಡೀ ಸುರಿದ ಮಳೆಗೆ ಸ್ವರ್ಣಾ, ಸೀತಾ ನದಿಗಳು ಉಕ್ಕಿ ಉಡುಪಿ ಪೇಟೆಯಿಂದ ಬ್ರಹ್ಮಾವರದ ಸುತ್ತಮುತ್ತಲಿನ ತಗ್ಗು ಊರುಗಳವರೆಗೆ ಮನೆಗಳು ಮುಳುಗಿದವು, ಜನರನ್ನು ದೋಣಿಯಲ್ಲಿ ಸಾಗಿಸಿದರು. ಆ ದಿನ ತೆಗೆದ ಫೋಟೊಗಳಿಗೆ ಲೆಕ್ಕವಿಲ್ಲ. ಅವು ಆಮೇಲೂ ಜುಲೈಯಲ್ಲೋ ಆಗಸ್ಟಿನಲ್ಲೋ "ಬ್ರಹ್ಮಾವರದಲ್ಲಿ ಈಗಿನ ಸ್ಥಿತಿ" ಎಂಬ ಒಕ್ಕಣೆಯೊಂದಿಗೆ ನನ್ನ ಮೊಬೈಲಿಗೆ ಬಂದಿವೆ. ಒಂದರಲ್ಲಿ ದೋಣಿಯಲ್ಲಿ ಕುಳಿತವರ ಮುಖದಲ್ಲೆಲ್ಲ ಮಾಸ್ಕ್ ಇತ್ತು, ಹಾಗಾಗಿ ಕೊರೊನಾ ವರ್ಷದ್ದು ಎಂದು ತಿಳಿಯಿತು. ಮಾಸ್ಕ್ ಇಲ್ಲದ ಫೋಟೊ ಆಗಿದ್ದರೆ? ಅದನ್ನು ನೋಡಿ ದುಬೈನಲ್ಲೋ ಬೆಂಗಳೂರಿನ ಹೋಟೆಲ್ಲಿನಲ್ಲೋ ಇರುವ ಮಗ ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಫೋನ್ ಮಾಡುತ್ತಾನೆ. ಅಮ್ಮ ಮಲಗಿರುತ್ತಾರೆ, ಫೋನ್ ಎತ್ತುವುದಿಲ್ಲ. ಆ ರಾತ್ರಿಯ ಸಂಕಟಕ್ಕೆ ಯಾರು ಹೊಣೆ?

ಇನ್ನೊಂದು 2024ರ ಜುಲೈ 16. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ 66ರ ಮೇಲೇ, ಬೈಂದೂರು ತಾಲ್ಲೂಕಿನಲ್ಲೂ ಒಂದು ಶಿರೂರು ಇದೆ, ಟೋಲ್‌ಗೇಟ್ ಇರುವ ಶಿರೂರು. ಹೆಸರು ಒಂದೇ, ಹೆದ್ದಾರಿ ಒಂದೇ, ತಿಂಗಳು ಮಳೆಗಾಲದ್ದೇ. ನಮ್ಮ ಶಿರೂರಿನವರು ಆ ದಿನಗಳಲ್ಲಿ "ನಾವು ಆರಾಮಿದ್ದೇವೆ, ಅದು ಅಂಕೋಲಾದ್ದು" ಎಂದು ಊರೂರಿನ ನೆಂಟರಿಗೆ ಹೇಳಿ ಸುಸ್ತಾಗಿದ್ದರು. ಅಂಥ ಹೊತ್ತಿನಲ್ಲಿ ಬರುವ ಒಂದು ಒರಿಜಿನಲ್ ಫೈಲಿನಲ್ಲಿ ತಾರೀಖಿನ ಪಕ್ಕದಲ್ಲೇ ಅಕ್ಷಾಂಶವೂ ಇದ್ದರೆ ಎರಡು ಪ್ರಶ್ನೆಗೂ ಒಟ್ಟಿಗೇ ಉತ್ತರ ಸಿಗುತ್ತದೆ.

ಹಾಗಂತ ಒರಿಜಿನಲ್ ಸಿಕ್ಕಿತು, ತಾರೀಖು ಕಂಡಿತು, ಕೆಲಸ ಮುಗಿಯಿತು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಎಕ್ಸಿಫ್ ಹೇಳುವುದು ಆ ಫೋನಿನ ಗಡಿಯಾರ ಏನು ಹೇಳಿತು ಎಂಬುದನ್ನು ಮಾತ್ರ. ಬ್ಯಾಟರಿ ಸತ್ತು ಮತ್ತೆ ಎದ್ದ ಹಳೆ ಫೋನು ಕೆಲವೊಮ್ಮೆ 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಕಂಪ್ಯೂಟರುಗಳು ಕಾಲವನ್ನು ಎಣಿಸಲು ಶುರುಮಾಡುವುದು ಆ ದಿನದಿಂದ. ಭಾರತದ ಸಮಯಕ್ಕೆ ಹೊಂದಿಸಿದಾಗ ಅದು ಬೆಳಿಗ್ಗೆ 5.30. ಇಂಥ ತಾರೀಖು ಕಂಡರೆ ಯಾರೂ ಮೋಸ ಮಾಡಿಲ್ಲ, ಗಡಿಯಾರ ದಾರಿ ತಪ್ಪಿದೆ ಅಷ್ಟೆ. ಬೇಕೆಂದೇ ಬದಲಿಸುವವರೂ ಇದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಹಿಂದೆ ಸರಿಸಿ ಫೋಟೊ ತೆಗೆಯುವುದಕ್ಕೆ ಹತ್ತನೇ ಕ್ಲಾಸಿನ ಹುಡುಗನಿಗೆ ಅರ್ಧ ನಿಮಿಷ ಸಾಕು. ತೆಗೆದ ಮೇಲೆ ಒಳಗಿನ ತಾರೀಖು ತಿದ್ದುವ ತಂತ್ರಾಂಶಗಳೂ ಇವೆ.

ಯುಟಿಸಿ ಎಂಬ ಇನ್ನೊಂದು ಗೊಂದಲವನ್ನೂ ಗೊತ್ತುಮಾಡಿಕೊಂಡಿರಬೇಕು. ಫೋಟೊದಲ್ಲಿ ಉಪಗ್ರಹದಿಂದ ಬಂದ ಜಿಪಿಎಸ್ ಸಮಯ ಬೇರೆಯಾಗಿ ದಾಖಲಾಗುತ್ತದೆ. ಅದು ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಜುಲೈ 17ರ ಬೆಳಗಿನ ಜಾವ 4.45ಕ್ಕೆ ಬೈಂದೂರಿನಲ್ಲಿ ತೆಗೆದ ಫೋಟೊದ ಜಿಪಿಎಸ್ ಸಾಲಿನಲ್ಲಿ ಜುಲೈ 16, ರಾತ್ರಿ 11.15 ಎಂದಿರುತ್ತದೆ. ಗೊತ್ತಿಲ್ಲದವರು "ಎರಡು ತಾರೀಖಿದೆ, ಫೇಕ್" ಎಂದು ಬಿಸಾಡುತ್ತಾರೆ. ಗೊತ್ತಿದ್ದವರಿಗೆ ಅದೇ ಸಮಾಧಾನ: ಫೋನಿನ ಗಡಿಯಾರಕ್ಕೂ ಉಪಗ್ರಹದ ಗಡಿಯಾರಕ್ಕೂ ಸರಿಯಾಗಿ ಐದೂವರೆ ಗಂಟೆ ಅಂತರ ಇದೆ ಎಂದರೆ ಫೋನಿನ ಗಡಿಯಾರ ಸರಿ ಇತ್ತು ಎಂದು ಅರ್ಥ. ವಿಡಿಯೊ ಫೈಲುಗಳ ಒಳಗೆ ಬರೆದಿರುವ ಸಮಯವೂ ಸಾಮಾನ್ಯವಾಗಿ ಯುಟಿಸಿಯೇ. ಗೂಗಲ್ ಪಿಕ್ಸೆಲ್ ಫೋನು ಫೈಲಿಗೆ ಕೊಡುವ ಹೆಸರಿನಲ್ಲೂ ಅದೇ. 2023ರ ನವೆಂಬರ್ 13ರಂದು ಗಂಗೊಳ್ಳಿಯಲ್ಲಿ ಬೋಟುಗಳು ಉರಿದವಲ್ಲ, ಅಂಥ ಘಟನೆಯಲ್ಲಿ ಬೆಂಕಿ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹಬ್ಬಿತು ಎಂದು ಜೋಡಿಸಬೇಕಾದರೆ ಹತ್ತು ಜನರ ಫೋನಿನ ಫೋಟೊ, ವಿಡಿಯೊಗಳನ್ನು ಸಮಯದ ಪ್ರಕಾರ ಸಾಲಾಗಿ ಇಡಬೇಕಾಗುತ್ತದೆ. ಅಲ್ಲಿ ಈ ಐದೂವರೆ ಗಂಟೆ ಮರೆತರೆ ಬೆಂಕಿ ಬೀಳುವ ಮೊದಲೇ ಬೋಟು ಬೂದಿಯಾಗಿರುತ್ತದೆ!

ಆದ್ದರಿಂದ ಎಕ್ಸಿಫ್ ಒಬ್ಬ ಸಾಕ್ಷಿ. ಸಾಕ್ಷಿಗೆ ಪಾಟೀಸವಾಲು ಮಾಡಬೇಕು. ಅದನ್ನು ಮಾಡಲು ಬೆಂಗಳೂರಿನ ಫ್ಯಾಕ್ಟ್‌ಚೆಕ್ ತಂಡಕ್ಕಿಂತ ಊರಿನ ಸ್ಟ್ರಿಂಗರ್‌ಗೇ ಹೆಚ್ಚು ಯೋಗ್ಯತೆ ಇದೆ ಎಂದು ನಾನು ಖಡಾಖಂಡಿತವಾಗಿ ನಂಬುತ್ತೇನೆ. ನಮಗೆ ಕಡಲು ಪಡುವಣಕ್ಕಿದೆ. ಬೆಳಿಗ್ಗೆ ಬಿಸಿಲಿದ್ದರೆ ನೆರಳು ಕಡಲ ಕಡೆಗೆ ಬೀಳುತ್ತದೆ, ಸಂಜೆಯಾದರೆ ಗದ್ದೆ ಕಡೆಗೆ. ಫೈಲಿನಲ್ಲಿ ಬೆಳಿಗ್ಗೆ ಏಳು ಗಂಟೆ ಎಂದಿದ್ದು ನೆರಳು ಗದ್ದೆ ಕಡೆಗೆ ಚಾಚಿದ್ದರೆ ಗಡಿಯಾರದಲ್ಲೋ ಕಳಿಸಿದವರಲ್ಲೋ ಏನೋ ಸರಿಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಜುಲೈ ನಡುವಿನ ತಾರೀಖಿನ ಫೋಟೊದಲ್ಲಿ ಟ್ರಾಲ್ ಬೋಟು ಮೀನು ಇಳಿಸುತ್ತಿದ್ದರೆ ಒಂದೋ ತಾರೀಖು ಸುಳ್ಳು, ಇಲ್ಲವೇ ಅದಕ್ಕಿಂತ ದೊಡ್ಡ ಸುದ್ದಿ ನಿಮ್ಮ ಕೈಯಲ್ಲಿದೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಫೋಟೊದಲ್ಲಿ ಮೇಲ್ಸೇತುವೆ ಇದೆಯೋ, ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ಕಂಬಗಳು ಇವೆಯೋ, ಏನೂ ಇಲ್ಲವೋ ಎಂಬುದರ ಮೇಲೆ ವರ್ಷದ ಅಂದಾಜು ಹೇಳದ ಕುಂದಾಪುರದವರು ಯಾರಿದ್ದಾರೆ? ಹೆದ್ದಾರಿ ಎರಡು ಪಥದ್ದೋ ನಾಲ್ಕು ಪಥದ್ದೋ ನೋಡಿ. ಆ ದಿನ ಆ ಪಂಚಾಯಿತಿಯಲ್ಲಿ ಎಷ್ಟು ಮಳೆ ಬಿದ್ದಿತ್ತು ಎಂಬ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ಇರುತ್ತದೆ, ಅಲೆಗಳ ಎತ್ತರದ ಮುನ್ಸೂಚನೆ ಹೈದರಾಬಾದಿನ ಇನ್‌ಕಾಯ್ಸ್ ಕೊಡುತ್ತದೆ. ಫೈಲಿನ ತಾರೀಖಿನ ಪಕ್ಕದಲ್ಲಿ ಇವನ್ನಿಟ್ಟು ನೋಡುವುದಕ್ಕೆ ಹತ್ತು ನಿಮಿಷ ಬೇಕು.

ಚಿತ್ರದ ಮೇಲೇ ತಾರೀಖು, ಊರು, ನಕ್ಷೆ ಅಚ್ಚಾಗಿ ಬರುವ ಜಿಪಿಎಸ್ ಕ್ಯಾಮೆರಾ ಆ್ಯಪ್‌ಗಳು ಈಗ ಎಲ್ಲ ಕಚೇರಿಗಳಲ್ಲೂ ಚಾಲ್ತಿಯಲ್ಲಿವೆ. ಚರಂಡಿ ಹೂಳೆತ್ತಿದರೂ ಅದೇ, ಗಿಡ ನೆಟ್ಟರೂ ಅದೇ. ಅದು ಉಪಯುಕ್ತ, ಇಲ್ಲವೆನ್ನುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹೋದರೂ ಅಳಿಯುವುದಿಲ್ಲ. ಆದರೆ ಅಚ್ಚಾದ ಅಕ್ಷರಗಳು ಎಂಬ ಕಾರಣಕ್ಕೆ ಅದಕ್ಕೆ ಸಿಗುತ್ತಿರುವ ಮರ್ಯಾದೆ ಜಾಸ್ತಿಯಾಯಿತು. ಫೋಟೊದ ಮೇಲೆ ಅಕ್ಷರ ಬರೆಯುವ ಆ್ಯಪ್ ಯಾರ ಫೋನಿನಲ್ಲಿಲ್ಲ?

ಅಚ್ಚಾದ ಸಮಯ ಸರಿಯಿದ್ದೂ ಫೋಟೊ ಸುಳ್ಳಾಗಬಹುದು ಎಂಬುದಕ್ಕೆ ಉದ್ಯೋಗ ಖಾತರಿಯೇ ದೊಡ್ಡ ಉದಾಹರಣೆ. ಕೂಲಿಕಾರರ ಹಾಜರಾತಿಗೆಂದು ಎನ್‌ಎಂಎಂಎಸ್ ಎಂಬ ಆ್ಯಪ್ 2021ರಲ್ಲಿ ಬಂತು, 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲಿ ಫೋಟೊ ತೆಗೆಯಬೇಕು, ಸಮಯ ಮತ್ತು ಜಾಗ ತಾನಾಗಿಯೇ ದಾಖಲಾಗುತ್ತದೆ. ಇನ್ನು ಯಾರೂ ಮೋಸ ಮಾಡುವ ಹಾಗಿಲ್ಲ ಎಂದುಕೊಂಡಿದ್ದರು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಆ್ಯಪ್ ದುರುಪಯೋಗದ ಬಗೆಗಳನ್ನು ಪಟ್ಟಿ ಮಾಡಬೇಕಾಯಿತು. ಅದರಲ್ಲಿ ಒಂದು, ಫೋಟೊದ ಫೋಟೊ ತೆಗೆಯುವುದು. ಹಿಂದಿನ ದಿನದ ಗುಂಪಿನ ಚಿತ್ರವನ್ನು ಇನ್ನೊಂದು ಮೊಬೈಲಿನ ಪರದೆಯಲ್ಲಿ ತೆರೆದು, ಆ್ಯಪ್‌ನ ಕ್ಯಾಮೆರಾದಿಂದ ಅದನ್ನೇ ಹೊಡೆದರೆ ತಾರೀಖು ಇವತ್ತಿನದು, ಸಮಯ ಸರಿ, ಜಾಗ ಸರಿ. ಕೆಲಸಕ್ಕೆ ಬಂದವರು ಮಾತ್ರ ಯಾರೂ ಇಲ್ಲ. ಕ್ಯಾಮೆರಾ ಯಾವಾಗ ಕ್ಲಿಕ್ ಆಯಿತು ಎಂಬುದನ್ನು ಯಂತ್ರ ಹೇಳಬಲ್ಲದು, ಕ್ಯಾಮೆರಾದ ಮುಂದೆ ಏನಿತ್ತು ಎಂಬುದನ್ನು ಅಲ್ಲಿಗೆ ಹೋದವರೇ ಹೇಳಬೇಕು. ಇದನ್ನು ನಾನು ಆ್ಯಪ್‌ನ ಮೇಲಿನ ದೂರಾಗಿ ಹೇಳುತ್ತಿಲ್ಲ. ಸ್ಥಳಕ್ಕೆ ಹೋಗದೆ ಗುಂಪಿನಲ್ಲಿ ಬಂದದ್ದರಿಂದಲೇ ಸುದ್ದಿ ಮಾಡುವ ನಮ್ಮ ಅಭ್ಯಾಸಕ್ಕೂ ಇದು ತಾಗುತ್ತದೆ.

ಕೋರ್ಟಿನ ವಿಷಯಕ್ಕೆ ಬಂದರೆ ಸಮಯದ ದಾಖಲೆ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂದು ತಿಳಿಯಲು ಮಹಾರಾಷ್ಟ್ರದ ಜಾಲ್ನಾಕ್ಕೆ ಹೋಗಬೇಕು. 2014ರ ವಿಧಾನಸಭೆ ಚುನಾವಣೆಯಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಅಲ್ಲಿ 296 ಮತಗಳಿಂದ ಗೆದ್ದರು. ಸೋತ ಕೈಲಾಸ್ ಗೋರಂಟ್ಯಾಲ್ ಕೋರ್ಟಿಗೆ ಹೋದರು. ನಾಮಪತ್ರ ಸಲ್ಲಿಸಲು ಸೆಪ್ಟೆಂಬರ್ 27ರ ಮಧ್ಯಾಹ್ನ 3 ಗಂಟೆ ಕೊನೆ, ಖೋತ್ಕರ್ ಅವರದ್ದು ಅದರ ನಂತರ ಬಂತು ಎಂಬುದು ವಾದ. ಚುನಾವಣಾಧಿಕಾರಿ ಕಚೇರಿಯಲ್ಲಿ ಮಾಡಿದ ವಿಡಿಯೊ ಚಿತ್ರೀಕರಣವೇ ಮುಖ್ಯ ಸಾಕ್ಷ್ಯವಾಯಿತು, ಬಾಂಬೆ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿತು. ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು ಹೇಳಿದ್ದು ಇಡೀ ದೇಶಕ್ಕೆ ಅನ್ವಯಿಸುತ್ತದೆ: ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವುದಾದರೆ ಕಾನೂನಿನ ಪ್ರಮಾಣಪತ್ರ ಬೇಕು, ಮೂಲ ಸಾಧನವನ್ನೇ, ಅಂದರೆ ಫೋಟೊ ತೆಗೆದ ಫೋನನ್ನೇ, ಅದರ ಮಾಲೀಕ ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ ಬೇಡ. ಆಗ ಅದು ಹಳೆ ಸಾಕ್ಷ್ಯ ಕಾಯ್ದೆಯ 65ಬಿ ಕಲಂ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 63ನೇ ಕಲಂ. ಹೊಸ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಷ್ ಮೌಲ್ಯವನ್ನೂ ಬರೆಯಬೇಕು. ಹ್ಯಾಷ್ ಎಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಳಗೆ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ವಾಟ್ಸ್ಆ್ಯಪ್ ಕುಗ್ಗಿಸಿದ ಪ್ರತಿಯ ಹ್ಯಾಷ್ ನಿಮ್ಮ ಫೋನಿನಲ್ಲಿರುವ ಮೂಲದ ಹ್ಯಾಷ್‌ಗೆ ಹೊಂದುವುದೇ ಇಲ್ಲ.

ಚುನಾವಣೆ, ಸುಪ್ರೀಂ ಕೋರ್ಟು ಎಲ್ಲ ದೂರದ ಮಾತು ಅನಿಸಿದರೆ ಹತ್ತಿರದ್ದು ಹೇಳುತ್ತೇನೆ. ಬೈಂದೂರು ಕಡೆಯ ಒಂದು ಮನೆ. ರಾತ್ರಿ ಗಾಳಿಮಳೆಗೆ ಹಟ್ಟಿ ಕುಸಿಯಿತು. ಮಗ ಕೂಡಲೇ ಫೋಟೊ ತೆಗೆದು ಸ್ಟೇಟಸ್ ಹಾಕಿದ, ಪಂಚಾಯಿತಿ ಸದಸ್ಯರಿಗೆ ಕಳಿಸಿದ, ನನಗೂ ಬಂತು. ನಂತರ ಮೊಬೈಲಿನಲ್ಲಿ ಜಾಗ ಇಲ್ಲವೆಂದು ಗ್ಯಾಲರಿ ಖಾಲಿ ಮಾಡಿದ. ಮನೆಯವರು ಬಿದ್ದ ಮಣ್ಣು ಬಳಿದು, ದನ ಕಟ್ಟಲು ಜಾಗ ಬೇಕಲ್ಲ, ತಾತ್ಕಾಲಿಕ ಶೀಟು ಹಾಕಿದರು. ಅರ್ಜಿ ನೋಡುವವರು ಬರುವಷ್ಟರಲ್ಲಿ ದಿನ ಕಳೆದಿತ್ತು. ಇದು ಈ ಮಳೆಗೆ ಬಿದ್ದದ್ದೋ, ಮೊದಲೇ ಬಿದ್ದದ್ದನ್ನು ಈಗ ತೋರಿಸುತ್ತಿದ್ದೀರೋ ಎಂಬ ಪ್ರಶ್ನೆ ಬಂತು. ತೋರಿಸಲು ಉಳಿದಿದ್ದದ್ದು ವಾಟ್ಸ್ಆ್ಯಪ್ ಪ್ರತಿ ಮಾತ್ರ. ಅದರೊಳಗೆ ತಾರೀಖು ಇಲ್ಲ. ಎದುರಿಗಿದ್ದವರು ನಂಬುವ ಮನಸ್ಸು ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ. ಬಡವರ ಫೋಟೊ ಯಾವಾಗಲೂ ಇನ್ನೊಬ್ಬರ ಮನಸ್ಸಿನ ಮೇಲೆ ನಿಲ್ಲಬೇಕಾಗುವುದು ಯಾಕೆ? ಫೈಲು ಉಳಿಸಿಕೊಂಡಿದ್ದರೆ ಕನಿಷ್ಠ ವಾದ ಮಾಡುವುದಕ್ಕೆ ಒಂದು ಆಧಾರ ಇರುತ್ತಿತ್ತು. ಮನೆಗೆ ಹಾನಿಯಾದವರು ಫೋನ್ ಮಾಡಿದಾಗ "ಫೋಟೊ ಕಳಿಸಿ" ಎಂದ ಮೇಲೆ "ಡಿಲೀಟ್ ಮಾಡಬೇಡಿ, ಒಂದು ಪ್ರತಿ ಇಮೇಲಿನಲ್ಲೋ ಡ್ರೈವಿನಲ್ಲೋ ಇಡಿ" ಎಂದೂ ಹೇಳುವುದು ಈಗ ನಮ್ಮ ಕೆಲಸದ ಭಾಗವೇ ಆಗಬೇಕು. ವಿಎ ಬರುವ ಮುಂಚೆ ಬರುವುದು ನಮ್ಮ ಫೋನೇ ತಾನೆ?

ಕಡಲ್ಕೊರೆತದ್ದೂ ಹೀಗೆಯೇ. ಒಂದೇ ತೆಂಗಿನ ಮರದ ಬುಡದಲ್ಲಿ ನಿಂತು ಪ್ರತಿ ವರ್ಷ ಜೂನ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ತೆಗೆದ ಹತ್ತು ವರ್ಷದ ಒರಿಜಿನಲ್ ಫೋಟೊಗಳಿದ್ದರೆ ದಡ ಎಷ್ಟು ಹಿಂದೆ ಸರಿಯಿತು ಎಂಬುದಕ್ಕೆ ಅಧಿಕಾರಿಯ ಮುಂದೆ ಬೇರೆ ಭಾಷಣ ಬೇಡ. ಮರವಂತೆ, ತ್ರಾಸಿ, ಕೋಡಿಯ ಸಾವಿರಾರು ಮೊಬೈಲುಗಳಲ್ಲಿ ಆ ಚರಿತ್ರೆ ಬಿಡಿಬಿಡಿಯಾಗಿ ಇದೆ, ಇತ್ತು ಎನ್ನಬೇಕೇನೋ.

ಈಗ ಉಲ್ಟಾ ಮಾತು. ಎಲ್ಲ ಸಂದರ್ಭದಲ್ಲೂ ಒರಿಜಿನಲ್ ಹಂಚಬಾರದು. ರಾತ್ರಿ ಹೊಳೆಯಲ್ಲಿ ಮರಳು ತೆಗೆಯುವುದನ್ನು ತನ್ನ ಮನೆಯ ಜಗಲಿಯಿಂದ ಫೋಟೊ ತೆಗೆದು ಒಬ್ಬರು ನಿಮಗೆ ಕಳಿಸುತ್ತಾರೆ. ಹೆಸರು ಹೇಳಬೇಡಿ ಎನ್ನುತ್ತಾರೆ. ನೀವು ಹೆಸರು ಹೇಳುವುದಿಲ್ಲ, ಆದರೆ ಪ್ರತಿಕ್ರಿಯೆ ಕೇಳಲು ಅದೇ ಫೈಲನ್ನು ಡಾಕ್ಯುಮೆಂಟ್ ಆಗಿ ಯಾರಿಗೋ ಮುಂದೂಡಿದರೆ? ಜಗಲಿಯ ಅಕ್ಷಾಂಶ, ಫೋನಿನ ಮಾಡೆಲ್, ಸಮಯ ಎಲ್ಲ ಅದರಲ್ಲಿದೆ. ಹೊಳೆ ಬದಿಯಲ್ಲಿ ಮನೆಗಳು ಎಷ್ಟಿರುತ್ತವೆ, ಗುರುತು ಹಿಡಿಯಲು ಹೆಸರು ಯಾಕೆ ಬೇಕು? 2012ರ ಡಿಸೆಂಬರಿನಲ್ಲಿ ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ಬೆಲೀಜ್ ಪೊಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದಾಗ, ಜೊತೆಗಿದ್ದ 'ವೈಸ್' ಪತ್ರಿಕೆಯವರು ಹೆಮ್ಮೆಯಿಂದ ಹಾಕಿದ ಒಂದೇ ಫೋಟೊದಲ್ಲಿ ಅಕ್ಷಾಂಶ ಉಳಿದುಹೋಗಿತ್ತು. ಅವರು ಗ್ವಾಟೆಮಾಲಾದಲ್ಲಿದ್ದಾರೆಂದು ಜಗತ್ತಿಗೇ ತಿಳಿಯಿತು, ಕೆಲವೇ ದಿನಗಳಲ್ಲಿ ಬಂಧನವಾಯಿತು. ಕಂಪ್ಯೂಟರ್ ಸುರಕ್ಷತೆಯಲ್ಲೇ ಹೆಸರು ಮಾಡಿದವರ ಗತಿ ಅದಾದರೆ ಜಗಲಿಯಿಂದ ಫೋಟೊ ತೆಗೆದವರ ಗತಿ ನಮ್ಮ ಕೈಯಲ್ಲಿದೆ.

ಹಾಗಾಗಿ ನನ್ನ ಪದ್ಧತಿ ಇಷ್ಟು. ನನಗೆ ಬರುವುದು ಒರಿಜಿನಲ್, ನನ್ನಿಂದ ಹೊರಗೆ ಹೋಗುವುದು ಟಿಪ್ಪಣಿ ಕಳೆದ ಪ್ರತಿ. ಮಾಮೂಲಿ ವಾಟ್ಸ್ಆ್ಯಪ್ ಫೋಟೊ ಆಗಿ ಕಳಿಸಿದರೆ ಆ ಕೆಲಸ ತಾನಾಗಿಯೇ ಆಗುತ್ತದೆ; ಇಷ್ಟು ಹೊತ್ತು ಬೈದ ವಾಟ್ಸ್ಆ್ಯಪ್‌ಗೆ ಇಲ್ಲೊಂದು ಥ್ಯಾಂಕ್ಸ್. ಗುಟ್ಟಿನ ಫೋಟೊಗಳನ್ನು ಆನ್‌ಲೈನ್ ಎಕ್ಸಿಫ್ ನೋಡುವ ಸೈಟುಗಳಿಗೆ ಹಾಕುವುದೂ ಬೇಡ, ಫೋನಿನಲ್ಲೇ ನೋಡಿದರೆ ಸಾಕು.

ಕೊನೆಗೆ ಡೆಸ್ಕಿನವರಿಗೆ ಎರಡು ಮಾತು. ಚಿತ್ರದ ಕೆಳಗೆ 'ಸಂಗ್ರಹ ಚಿತ್ರ', 'ಸಾಂದರ್ಭಿಕ ಚಿತ್ರ' ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿ ನಾಲ್ಕು ಕಾಲಂ ನೆರೆ ಫೋಟೊ ಮುದ್ರಿಸುವುದು ನಮ್ಮ ಪತ್ರಿಕೆಗಳ ಹಳೆ ಚಾಳಿ. ವೆಬ್‌ಸೈಟಿನಲ್ಲಿ ಆ ಸಣ್ಣ ಅಕ್ಷರವೂ ಇರುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಾದರೂ ಫೋಟೊ ಶೀರ್ಷಿಕೆಯಲ್ಲಿ ತೆಗೆದ ದಿನ ಹಾಕಿ. "ಮರವಂತೆಯಲ್ಲಿ ಮಂಗಳವಾರ ಸಂಜೆ" ಎನ್ನಲು ಎಷ್ಟು ಜಾಗ ಬೇಕು? ತೆಗೆದವರ ಹೆಸರನ್ನೂ ಹಾಕಿ. ಒಂದು ಫೋಟೊಗೆ ಏನು ಕೊಡುತ್ತೀರಿ, ಕೊಡುವುದಿಲ್ಲ ಎಂಬುದನ್ನು ಈ ಬ್ಲಾಗ್ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರೂ ಇಲ್ಲದೆ, ದುಡ್ಡೂ ಇಲ್ಲದೆ ಕಳಿಸುವ ಚಿತ್ರಕ್ಕೆ ತಾರೀಖು ಪರೀಕ್ಷಿಸುವ ಹತ್ತು ನಿಮಿಷವನ್ನಾದರೂ ಕೊಡಿ. ಬೇರೆಯವರು ಹಾಕಿದ್ದಾರೆ ಎಂದು ಅವಸರ ಮಾಡಬೇಡಿ.

"ಹಳ್ಳಿಯವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಬರುವುದಿಲ್ಲ" ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆಧಾರ್, ಆರ್‌ಟಿಸಿ, ಮಕ್ಕಳ ಅಂಕಪಟ್ಟಿಯ ಪಿಡಿಎಫ್‌ಗಳನ್ನು ಸೈಬರ್ ಅಂಗಡಿಗೆ ಅದೇ ದಾರಿಯಲ್ಲಿ ದಿನಾ ಕಳಿಸುವವರು ಅವರೇ. ಈ ಜೂನ್‌ನಿಂದ ನನಗೆ ಫೋಟೊ ಕಳಿಸುವವರಿಗೆಲ್ಲ ನಾನು ಕಳಿಸುವ ಉತ್ತರ ಇದು, ಬೇಕಾದವರು ಕಾಪಿ ಮಾಡಿಕೊಳ್ಳಿ: "ಫೋಟೊ ಸಿಕ್ಕಿತು. ನೀವೇ ತೆಗೆದದ್ದಾ? ಹೌದಾದರೆ ಅದನ್ನೇ ಡಾಕ್ಯುಮೆಂಟ್ ಅಂತ ಒತ್ತಿ ಇನ್ನೊಮ್ಮೆ ಕಳಿಸಿ, ಫೋನಿನಲ್ಲಿ ಇದ್ದದ್ದನ್ನು ಅಳಿಸಬೇಡಿ. ಬೇರೆಯವರು ತೆಗೆದದ್ದಾದರೆ ಅವರ ನಂಬರ್ ಕೊಡಿ." ಹತ್ತರಲ್ಲಿ ನಾಲ್ಕು ಜನ ಒರಿಜಿನಲ್ ಕಳಿಸುತ್ತಾರೆ, ಇಬ್ಬರು ನಂಬರ್ ಕೊಡುತ್ತಾರೆ. ಉಳಿದವರು ನೀಲಿ ಟಿಕ್ ತೋರಿಸಿ ಸುಮ್ಮನಾಗುತ್ತಾರೆ, ಆ ಫೋಟೊಗಳನ್ನು ನಾನು ಡೆಸ್ಕಿಗೆ ಕಳಿಸುವುದಿಲ್ಲ.